ಡಿಎಸ್18ಬಿ20 ತಾಪಮಾನ ಸಂವೇದಕ: ತೊಗರಿ ಗೋದಾಮಿನಲ್ಲಿ ಕೆಲವು ವರ್ಷಗಳ ಬಳಕೆಯ ನಂತರ

ಕಲಬುರಗಿಯ ಗಂಜ್ ಪ್ರದೇಶದ ಒಂದು ತೊಗರಿ ಗೋದಾಮಿನಲ್ಲಿ, ಚೀಲಗಳ ಥಪ್ಪಿಯೊಳಗಿನ ಬಿಸಿಯನ್ನು ಗಮನಿಸಲು ಡಿಎಸ್18ಬಿ20 ಎಂಬ ಡಿಜಿಟಲ್ ಸಂವೇದಕಗಳನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಹಸಿ ಉಳಿದ ಕಾಳಾಗಲಿ, ಹುಳು ಬಿದ್ದ ಚೀಲವಾಗಲಿ, ಹೊರಗೆ ಕಾಣಿಸಿಕೊಳ್ಳುವ ಮೊದಲೇ ಒಳಗೆ ಬಿಸಿಯೇರತೊಡಗುತ್ತದೆ. ಆದ್ದರಿಂದ ಒಂದು ಥಪ್ಪಿಯ ಅಂಕಿ ಅಕ್ಕಪಕ್ಕದವಕ್ಕಿಂತ ಎರಡು ಮೂರು ಡಿಗ್ರಿ ಮೇಲೆಯೇ ನಿಂತರೆ ಹಮಾಲರನ್ನು ಕರೆಸಿ ಅದನ್ನು ಬಿಚ್ಚಿಸುವುದು ನಮ್ಮ ಪದ್ಧತಿ. ಈ ಕೆಲಸಕ್ಕೆ ಚಿಪ್‌ನ ನಿಖರತೆ ಧಾರಾಳವಾಗಿ ಸಾಕು: −10ರಿಂದ 85 ಡಿಗ್ರಿ ಸೆಲ್ಸಿಯಸ್‌ವರೆಗೆ ಅರ್ಧ ಡಿಗ್ರಿ ಹೆಚ್ಚುಕಡಿಮೆ ಎಂದು ತಯಾರಕರು ಹೇಳುತ್ತಾರೆ, ಮೇ ತಿಂಗಳಲ್ಲಿ ನಮ್ಮ ತಗಡಿನ ಸೂರಿನ ಕೆಳಗಿನ ಸೆಕೆಯೂ ಈ ಮಿತಿಯೊಳಗೇ ಇರುತ್ತದೆ. ಕೊಂಡವರು ತೃಪ್ತರಾಗುವರೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ನಿಖರತೆಯಲ್ಲ, ಈ ಚಿಪ್ ತನ್ನನ್ನು ಓದುವ ಬೋರ್ಡಿನ ಮುಖ್ಯ ಪ್ರೊಸೆಸರಿನೊಂದಿಗೆ ಮಾತನಾಡುವ ರೀತಿ. ಹಾಗಾಗಿ ನನ್ನ ವಿಮರ್ಶೆ ಹೆಚ್ಚಾಗಿ ಅದರ ಬಗ್ಗೆಯೇ ಇದೆ.

ಡಲ್ಲಾಸ್ ಸೆಮಿಕಂಡಕ್ಟರ್ ರೂಪಿಸಿದ, ಈಗ ಅನಲಾಗ್ ಡಿವೈಸಸ್ ಹೆಸರಿನಲ್ಲಿ ಬರುವ ಈ ಚಿಪ್‌ಗೆ ಮೂರೇ ಕಾಲುಗಳು: ವಿದ್ಯುತ್, ನೆಲ (ಗ್ರೌಂಡ್), ದತ್ತಾಂಶ. ಎಲ್ಲ ಸಂವೇದಕಗಳೂ ಒಂದೇ ದತ್ತಾಂಶ ತಂತಿಯನ್ನು ಹಂಚಿಕೊಳ್ಳುತ್ತವೆ, ಮತ್ತು ಪ್ರೊಸೆಸರ್ ಕೇಳದ ಹೊರತು ಯಾವುದೂ ತಾನಾಗಿ ಉತ್ತರ ಕೊಡುವುದಿಲ್ಲ. ಪ್ರೊಸೆಸರ್ ಮೊದಲು ತಂತಿಯನ್ನು ಕನಿಷ್ಠ 480 ಮೈಕ್ರೊಸೆಕೆಂಡ್ ಕಾಲ ಶೂನ್ಯ ಮಟ್ಟಕ್ಕೆ ಎಳೆದು ಬಿಡುತ್ತದೆ. ಚಿಪ್ 15ರಿಂದ 60 ಮೈಕ್ರೊಸೆಕೆಂಡ್ ತಡೆದು, ತಾನೂ 60ರಿಂದ 240 ಮೈಕ್ರೊಸೆಕೆಂಡ್ ಎಳೆದು ತನ್ನ ಇರವನ್ನು ತಿಳಿಸುತ್ತದೆ. ಆಮೇಲೆ ಆದೇಶಗಳು. ಎಲ್ಲ ಚಿಪ್‌ಗಳಿಗೂ ಏಕಕಾಲಕ್ಕೆ ಹೆಕ್ಸ್ 44 (ಹದಿನಾರರ ಅಂಕಪದ್ಧತಿಯ 44) ಎಂಬ ಆದೇಶ ಕೊಟ್ಟರೆ ಅವೆಲ್ಲ ಒಟ್ಟಿಗೇ ಅಳತೆ ಆರಂಭಿಸುತ್ತವೆ. 12 ಬಿಟ್ ಅಳತೆಗೆ, ಅಂದರೆ 0.0625 ಡಿಗ್ರಿಯ ಹೆಜ್ಜೆಗೆ, ಗರಿಷ್ಠ 750 ಮಿಲಿಸೆಕೆಂಡ್ ಬೇಕು. ನಂತರ ಒಂದೊಂದನ್ನೂ ಅದರ 64 ಬಿಟ್ ಗುರುತಿನ ಸಂಖ್ಯೆಯಿಂದ ಕರೆದು ಒಂಬತ್ತು ಬೈಟ್ ಓದಿಕೊಳ್ಳಬೇಕು. ಮೊದಲ ಎರಡು ಬೈಟ್‌ಗಳಲ್ಲಿ ತಾಪಮಾನವಿರುತ್ತದೆ. ಕೊನೆಯದು ಸಿಆರ್‌ಸಿ, ಅಂದರೆ ಉಳಿದ ಎಂಟೂ ದಾರಿಯಲ್ಲಿ ಕೆಡದೆ ಬಂದಿವೆಯೇ ಎಂದು ತಾಳೆ ನೋಡುವ ಬೈಟ್.

ಉದ್ದ ತಂತಿ ಎಳೆಯುವವರು ಗಮನಿಸಬೇಕಾದದ್ದು ಓದುವ ಗಳಿಗೆಯನ್ನು, ಅಂದರೆ ಪ್ರೊಸೆಸರ್ ಒಂದೊಂದೇ ಬಿಟ್ (ಸೊನ್ನೆ ಅಥವಾ ಒಂದು) ಪಡೆಯುವ ಅಲ್ಪಾವಧಿಯನ್ನು. ಪ್ರೊಸೆಸರ್ ತಂತಿಯನ್ನು ಒಂದು ಮೈಕ್ರೊಸೆಕೆಂಡ್ ಕೆಳಗೆಳೆದು ಬಿಟ್ಟ ಮೇಲೆ, ಉತ್ತರ ಸೊನ್ನೆಯಾದರೆ ಚಿಪ್ ಅದನ್ನು ಕೆಳಗೇ ಹಿಡಿಯುತ್ತದೆ. ಒಂದು ಆಗಿದ್ದರೆ ಚಿಪ್ ಏನೂ ಮಾಡುವುದಿಲ್ಲ, ತಂತಿಯನ್ನು ಮೇಲೆತ್ತುವುದು ವಿದ್ಯುತ್ತಿಗೆ ಜೋಡಿಸಿದ ಪುಲ್‌ಅಪ್ ರೆಸಿಸ್ಟರ್ ಮಾತ್ರ. ಗಳಿಗೆ ಆರಂಭವಾದ 15 ಮೈಕ್ರೊಸೆಕೆಂಡಿನೊಳಗೆ ಪ್ರೊಸೆಸರ್ ನೋಡಿ ಮುಗಿಸಬೇಕು. ಎಲ್ಲೆಡೆ ಶಿಫಾರಸಾಗುವ 4.7 ಕಿಲೋ ಓಮ್ ರೆಸಿಸ್ಟರ್ ಮೇಜಿನ ಮೇಲಿನ ಪ್ರಯೋಗಕ್ಕೆ ಸರಿ. ಆದರೆ ನೆಟ್‌ವರ್ಕ್ ಕೇಬಲ್ಲಿನ ಧಾರಣಶಕ್ತಿ (ವಿದ್ಯುದಾವೇಶ ಹಿಡಿದಿಟ್ಟುಕೊಳ್ಳುವ ಗುಣ) ಮೀಟರಿಗೆ ಸುಮಾರು 50 ಪಿಕೊಫ್ಯಾರಡ್ ಇರುವುದರಿಂದ, 40 ಮೀಟರ್ ಎಳೆದಾಗ ಏರಿಕೆಯ ಕಾಲಮಾನವೇ (ತಂತಿ ಪೂರ್ಣ ವೋಲ್ಟೇಜಿನ ಸುಮಾರು ಮೂರನೇ ಎರಡರಷ್ಟು ಏರಲು ಬೇಕಾದ ಸಮಯ) 9 ಮೈಕ್ರೊಸೆಕೆಂಡ್ ದಾಟುತ್ತದೆ, ಮತ್ತು 3.3 ವೋಲ್ಟಿನ ಬೋರ್ಡ್ ‘ಒಂದು’ ಎಂದು ಒಪ್ಪುವ ಮಟ್ಟಕ್ಕೆ ತಂತಿ ಏರುವಷ್ಟರಲ್ಲಿ ಅವಧಿ ಬಹುತೇಕ ತೀರಿರುತ್ತದೆ. 2.2 ಕಿಲೋ ಓಮ್ ಹಾಕಿದರೆ ಈ ಕಾಲ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಆಗ ಹರಿಯುವ 1.5 ಮಿಲಿಆಂಪಿಯರನ್ನು ಚಿಪ್ ಸುಲಭವಾಗಿ ತಡೆದುಕೊಳ್ಳುತ್ತದೆ. ನಮ್ಮ ಗೋದಾಮಿನಲ್ಲಿ ಇರುವುದು ಇದೇ. ಕೇಬಲ್ಲನ್ನು ಒಂದೇ ಸಾಲಾಗಿ ಥಪ್ಪಿಯಿಂದ ಥಪ್ಪಿಗೆ ಒಯ್ಯಬೇಕೇ ಹೊರತು ನಡುವಿನಿಂದ ಕವಲುಗಳನ್ನು ಹೊರಡಿಸಬಾರದು. ಕವಲಿನ ತುದಿಯಿಂದ ಮರಳುವ ಪ್ರತಿಫಲನ ಓದನ್ನು ಕೆಡಿಸುತ್ತದೆ.

ಈ ಚಿಪ್ ಕುರಿತ ನನ್ನ ಮುಖ್ಯ ಆಕ್ಷೇಪ 85 ಎಂಬ ಅಂಕಿಯ ಬಗ್ಗೆ. ವಿದ್ಯುತ್ ಬಂದ ಕೂಡಲೇ ಚಿಪ್ ತನ್ನ ತಾಪಮಾನದ ಜಾಗದಲ್ಲಿ 85 ಡಿಗ್ರಿ ಎಂದು ಬರೆದುಕೊಳ್ಳುತ್ತದೆ. ಆ ಬಳಿಕದ ಮೊದಲ ಅಳತೆ ಮುಗಿಯುವ ಮುನ್ನ ಓದಿದರೆ, ಅಥವಾ ಅಳತೆಯ ನಡುವೆ ವೋಲ್ಟೇಜ್ ಕುಸಿದು ಚಿಪ್ ಮತ್ತೆ ಮೊದಲಿನಿಂದ ಶುರುವಾದರೆ, ಪ್ರೊಸೆಸರಿಗೆ ಸಿಗುವುದು ಇದೇ ಅಂಕಿ. ಕಿರಿಕಿರಿಯ ಸಂಗತಿಯೆಂದರೆ, ಅದರ ಸಿಆರ್‌ಸಿ ಪೂರ್ತಿ ಸರಿಯಾಗಿರುತ್ತದೆ. ಸಂದೇಶ ಕೆಡದೆ ಬಂದಿದೆ ಎಂದಷ್ಟೇ ಸಿಆರ್‌ಸಿ ಹೇಳಬಲ್ಲದು, ಅದರಲ್ಲಿರುವುದು ನಿಜವಾದ ಅಳತೆ ಎಂದಲ್ಲ. ಸಿಆರ್‌ಸಿ ನೋಡುತ್ತಿದ್ದೇವೆ, ಸಾಕು ಎಂದು ನಿಶ್ಚಿಂತೆಯಿಂದಿರುವ ಪ್ರೋಗ್ರಾಮು ಇಲ್ಲಿ ಮೋಸಹೋಗುತ್ತದೆ. ಹಿಂದಿನ ಓದು 41 ಇದ್ದು ಈಗ ಸರಿಯಾಗಿ 85 ಬಂದರೆ ಅದನ್ನು ಎಸೆದು ಮತ್ತೊಮ್ಮೆ ಅಳೆಯುವ ಸಾಲೊಂದು ಪ್ರೋಗ್ರಾಮಿನಲ್ಲಿ ಇರಲೇಬೇಕು. ಆರ್ಡುಯಿನೊ ಎಂಬ ಪುಟ್ಟ ಬೋರ್ಡುಗಳಿಗಾಗಿ ಇರುವ ಜನಪ್ರಿಯ ಲೈಬ್ರರಿ (ಸಿದ್ಧ ಪ್ರೋಗ್ರಾಮು) ಕೊಡುವ −127 ಬೇರೆಯದೇ ವಿಷಯ: ಅದು ಚಿಪ್‌ನ ಮಾತಲ್ಲ, ಚಿಪ್‌ನಿಂದ ಸರಿಯಾದ ಉತ್ತರ ಸಿಗಲಿಲ್ಲ ಎಂಬ ಲೈಬ್ರರಿಯ ಸೂಚನೆ.

ದತ್ತಾಂಶ ತಂತಿಯಿಂದಲೇ ವಿದ್ಯುತ್ ಪಡೆಯುವ ಎರಡು ತಂತಿಯ ವಿಧಾನವೂ ಇದೆ. ಅಳೆಯುವಾಗ ಒಂದು ಚಿಪ್ 1.5 ಮಿಲಿಆಂಪಿಯರ್‌ವರೆಗೆ ಬೇಡುತ್ತದೆ, 3.3 ವೋಲ್ಟಿನಿಂದ 4.7 ಕಿಲೋ ಓಮ್ ಮೂಲಕ ಅದರ ಅರ್ಧವೂ ಹರಿಯದು. ಉಳಿಸುವ ಒಂದು ತಂತಿಗಾಗಿ ಈ ತಾಪತ್ರಯ ಬೇಡ.

ಮಾರುಕಟ್ಟೆಯಲ್ಲಿ ನಕಲಿ ಚಿಪ್‌ಗಳು ಬಹಳ. ಆನ್‌ಲೈನ್ ಮಾರಾಟಗಾರರೊಬ್ಬರಿಂದ ಬಂದ ಉಕ್ಕಿನ ನಳಿಕೆಯ ಸಂವೇದಕಗಳಲ್ಲಿ ಕೆಲವು, ಕರಗುತ್ತಿರುವ ಮಂಜುಗಡ್ಡೆಯ ನೀರಿನಲ್ಲಿ ಸೊನ್ನೆಯಿಂದ ಒಂದು ಡಿಗ್ರಿಗೂ ಹೆಚ್ಚು ದೂರ ನಿಂತವು. ಥರ್ಮಾಸ್‌ನಲ್ಲಿ ಈ ಪರೀಕ್ಷೆ ಮಾಡದೆ ಯಾವುದನ್ನೂ ಥಪ್ಪಿಗೆ ಸೇರಿಸಬಾರದು ಎಂಬುದು ನನ್ನ ಅಭಿಪ್ರಾಯ. ಜಲನಿರೋಧಕ ಎಂಬ ಮಾತನ್ನೂ ಪೂರ್ತಿ ನಂಬಬೇಕಿಲ್ಲ: ಮಳೆಗಾಲದಲ್ಲಿ ಶಹಾಬಾದ್ ಫರಸಿಯ ಮೇಲೆ ತೇವ ಆಡುವಾಗ, ನಳಿಕೆಗೆ ಕೇಬಲ್ ಸೇರುವ ಬಾಯಿಯಿಂದ ತೇವ ಒಳಗಿಳಿಯುತ್ತದೆ.

ಎಲ್‌ಎಂ75 ತರಹದ ಐ2ಸಿ (ಚಿಪ್‌ಗಳು ಪರಸ್ಪರ ಮಾತನಾಡುವ ಇನ್ನೊಂದು ಪದ್ಧತಿ) ಸಂವೇದಕಗಳನ್ನು ಓದುವುದು ಇದಕ್ಕಿಂತ ಸರಳ, ಸಮಯದ ಕಟ್ಟುನಿಟ್ಟೂ ಕಡಿಮೆ. ಆದರೆ ಎಲ್‌ಎಂ75ರಲ್ಲಿ ವಿಳಾಸ ನಿಗದಿಪಡಿಸುವ ಕಾಲುಗಳು ಮೂರೇ ಆದ್ದರಿಂದ ಒಂದು ಸಾಲಿನಲ್ಲಿ ಎಂಟಕ್ಕಿಂತ ಹೆಚ್ಚು ಕೂರುವುದಿಲ್ಲ, ಮತ್ತು ಐ2ಸಿಗೆ ನಿಗದಿಯಾದ 400 ಪಿಕೊಫ್ಯಾರಡ್ ಧಾರಣಶಕ್ತಿಯ ಮಿತಿ ಇಂಥ ಕೇಬಲ್ಲಿನ ಎಂಟೇ ಮೀಟರಿನಲ್ಲಿ ಮುಗಿಯುತ್ತದೆ. ಒಂದೇ ಪೆಟ್ಟಿಗೆಯೊಳಗಿನ ಬೋರ್ಡಿಗೆ ಅದು ಉತ್ತಮ, ಗೋದಾಮಿಗೆ ಅಲ್ಲ.

ಡಿಎಸ್18ಬಿ20ರಲ್ಲಿ ಕಾರ್ಖಾನೆಯಲ್ಲೇ ಕೆತ್ತಿ ಬರುವ ಆ 64 ಬಿಟ್ ಗುರುತಿನ ಸಂಖ್ಯೆ ಇನ್ನೊಂದು ಕೆಲಸಕ್ಕೂ ಒದಗಿದೆ. ಯಾವ ಸಂಖ್ಯೆ ಯಾವ ಥಪ್ಪಿಯದು ಎಂದು ಪಟ್ಟಿ ಬರೆದಿಟ್ಟಿರುವುದರಿಂದ, ಇಲಿ ಕೇಬಲ್ ಕಡಿದಾಗ ಹುಡುಕುವ ಆದೇಶಕ್ಕೆ ಉತ್ತರಿಸದ ಮೊದಲ ಸಂಖ್ಯೆಯನ್ನು ನೋಡಿದರೆ ಸಾಕು, ತುಂಡಾದದ್ದು ಅದರ ಹಿಂದಿನ ಥಪ್ಪಿಗೂ ಅದಕ್ಕೂ ನಡುವೆಯೇ. ದತ್ತಾಂಶ ತಂತಿ ನೆಲದ ತಂತಿಗೆ ತಗುಲಿ ಶಾರ್ಟ್ ಆದರೆ ಮಾತ್ರ ಎಲ್ಲವೂ ಒಟ್ಟಿಗೇ ಸುಮ್ಮನಾಗುತ್ತವೆ, ಆಗ ಕೇಬಲ್ಲನ್ನು ತುಂಡು ತುಂಡಾಗಿ ಬಿಡಿಸಿ ನೋಡದೆ ಗತಿಯಿಲ್ಲ.