ಪದ್ಮಿನಿಯನ್ನು ಘಾಟಿ ಹತ್ತಿಸಿದ ಗ್ಯಾರೇಜ್

ಶಿವಮೊಗ್ಗದ ಸಾಗರ ರಸ್ತೆಯಲ್ಲಿ ಬೋರ್ಡೂ ಇಲ್ಲದ ಒಂದು ಸಣ್ಣ ಗ್ಯಾರೇಜ್ ಇದೆ. ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇರುವ ಹಳೇ ಕಾರು ಇಟ್ಟುಕೊಂಡವರು ಧೈರ್ಯವಾಗಿ ಹೋಗಬಹುದು.

ನಮ್ಮ ಪ್ರೀಮಿಯರ್ ಪದ್ಮಿನಿ ಬೇಸಿಗೆಯಲ್ಲಿ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಮೇಲಿನ ತಿರುವುಗಳಲ್ಲಿ ಕೆಮ್ಮಿ ನಿಂತುಬಿಡುತ್ತಿತ್ತು. ತಣ್ಣಗಾದ ಮೇಲೆ ಏನೂ ಆಗದ ಹಾಗೆ ಸ್ಟಾರ್ಟ್! ಬೇರೊಂದು ಕಡೆ ಕಿಡಿ ಹೊತ್ತಿಸುವ ಕಾಯಿಲ್, ಕಂಡೆನ್ಸರ್ ಕೆಟ್ಟಿದೆ ಅಂತ ಸುಮ್ನೆ ದುಡ್ಡು ಕಿತ್ತರು. ಇಲ್ಲಿನ ಮೆಕ್ಯಾನಿಕ್ ಮೊದಲು ನೋಡಿದ್ದೇ ಪೆಟ್ರೋಲ್ ಪೈಪನ್ನು. ಅದು ಬಿಸಿ ಹೊಗೆ ಹೋಗುವ ಎಕ್ಸಾಸ್ಟ್‌ಗೆ ತೀರಾ ಹತ್ತಿರ ಇತ್ತು. "ಪೈಪಲ್ಲೇ ಪೆಟ್ರೋಲ್ ಆವಿ ಆಗ್ತಿದೆ ಮಾರಾಯ್ರೆ, ಪಂಪ್ ಎಳೆಯೋದಾದ್ರೂ ಏನನ್ನ?" ಅಂದರು.

ಪೈಪನ್ನು ಬಿಸಿಯಿಂದ ದೂರ ಸರಿಸಿ, ಶಾಖ ತಡೆಯುವ ಸ್ಲೀವ್ ತೊಡಿಸಿದರು. ಪಂಪ್ ಮತ್ತು ಎಂಜಿನ್ ನಡುವಿನ ಶಾಖ ತಡೆಯುವ ಬೇಕಲೈಟ್ ತುಂಡು ಒಡೆದಿತ್ತು, ಅದನ್ನು ಬದಲಾಯಿಸಿದರು. ರೇಡಿಯೇಟರ್ ತೊಳೆದರು. ಎಥನಾಲ್ ಬೆರೆತ ಪೆಟ್ರೋಲ್ ಬೇಗ ಆವಿಯಾಗುತ್ತದಲ್ವಾ, ಹಳೇ ರಬ್ಬರನ್ನೂ ಹಾಳು ಮಾಡುತ್ತದೆ; ಅದಕ್ಕೆ ತಾಳುವ ಹೋಸ್ ಕೂಡ ಹಾಕಿದರು. ದಾರಿಯಲ್ಲಿ ನಿಂತರೆ ಪಂಪ್ ಮೇಲೆ ಒದ್ದೆ ಬಟ್ಟೆ ಹಾಕಿ; ಆದರೆ ಎಂಜಿನ್ನಿನ ಹೊಗೆ ಹೊರಹೋಗುವ ಬಿಸಿ ಮ್ಯಾನಿಫೋಲ್ಡ್‌ಗೆ ನೀರು ಸುರಿಯಬೇಡಿ, ಬಿರುಕು ಬಿಡುತ್ತದೆ ಎಂದೂ ಹೇಳಿಕೊಟ್ಟರು.

ಈ ಏಪ್ರಿಲ್‌ನಲ್ಲಿ ನಾಲ್ಕು ಜನ ಕೂತು ಘಾಟಿ ಹತ್ತಿದೆವು. ಎಲ್ಲೂ ನಿಲ್ಲಲಿಲ್ಲ.

ಕೊರತೆ? ಕೆಲಸ ನಿಧಾನ. ಬಿಲ್ ಕೇಳಿದರೆ ಮುಖ ಸಿಂಡರಿಸುತ್ತಾರೆ.