ಸ್ಯಾಂ-ಸಾನ್ಸ್ ಕ್ಲಾರಿನೆಟ್ ಸೊನಾಟಾ ನೊಟೇಶನ್ ಬುಕ್: ಸಂಗೀತಕ್ಕ ಐದು ಸ್ಟಾರ್, ಪ್ರಿಂಟಿಗೆ ಎರಡ

ಬುಕ್ ತರಿಸಿ ಎರಡು ತಿಂಗಳಾತು, ದಿನಾ ನುಡಿಸಿ ನೋಡಿ ಈಗ ಬರಿಯಾಕತ್ತೀನಿ. ನಾನು ಹುಬ್ಬಳ್ಳ್ಯಾಗ ಮದವಿ ಬ್ಯಾಂಡಿನ್ಯಾಗ ಕ್ಲಾರಿನೆಟ್ ಊದಾಂವ, ನಮ್ಮಂಥವರ ಕೈಯಾಗ ಇರೋದು ಬಿ-ಫ್ಲ್ಯಾಟ್ ಕ್ಲಾರಿನೆಟ್, ಈ ಸೊನಾಟಾನೂ (ಕ್ಲಾರಿನೆಟ್, ಪಿಯಾನೊ ಜೋಡಿ ನುಡಿಸೂ ನಾಲ್ಕು ಭಾಗದ ಕೃತಿ) ಅದಕ್ಕ ಬರದದ್ದು, ಹಂಗಾಗಿ ಬ್ಯಾರೆ ವಾದ್ಯ ಹುಡುಕೂದು ಬ್ಯಾಡ. ಪ್ಯಾಕಿಂಗ್ ಚಲೋ ಇತ್ತು.

ಫ್ರಾನ್ಸಿನ ಸಂಯೋಜಕ ಸ್ಯಾಂ-ಸಾನ್ಸ್ ಇದನ್ನ ಬರದದ್ದು 1921ರಾಗ, ಆಗ ಅವರಿಗೆ 85 ವರ್ಷ, ಅದ ಡಿಸೆಂಬರಿನ್ಯಾಗ ತೀರಿಕೊಂಡ್ರು. ಅಷ್ಟೊತ್ತಿಗೆ ಪ್ಯಾರಿಸ್‌ನ್ಯಾಗ ಡೆಬುಸಿ, ಸ್ಟ್ರಾವಿನ್ಸ್ಕಿಯಂಥ ಹೊಸ ಸಂಯೋಜಕರು ಬಂದು ಸಂಗೀತದ ದಿಕ್ಕ ಬದಲಾಗಿತ್ತು, ಇವರು ಮಾತ್ರ ಹಿರ್‍ಯಾರ ದಾರಿ ಬಿಡಲಿಲ್ಲ. ಅದಕ್ಕ ಕೆಲವರು ಹಳೇ ಕಾಲದ್ದು ಅಂತ ಇದನ್ನ ಬಾಜೂಕ ಇಡ್ತಾರ, ನಾನು ಒಪ್ಪಂಗಿಲ್ರಿ. ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನ್ಸೂರ ಅವರು ಮೊದಲ ನೀಲಕಂಠಬುವಾ ಹತ್ರ ಗ್ವಾಲಿಯರ್ ಘರಾಣೆಯ ಹಾಡಿಕಿ ಕಲ್ತು ಆಮ್ಯಾಲ ಮಂಜೀಖಾನ, ಬುರ್ಜೀಖಾನರ ಹತ್ರ ಜೈಪುರ-ಅತ್ರೌಳಿ ಘರಾಣೆಯದ್ದು ಕಲ್ತರು, ಅವರ ಹಾಡಿನ್ಯಾಗ ಗುರುಗಳು ಕೇಳಸ್ತಾರ ಅಂತ ಯಾರರ ಅದನ್ನ ನಕಲು ಅಂದಾರನು?

ಎರಡನೇ ಭಾಗ ನುಡಿಸಿದ್ರ ಗೊತ್ತಾಗ್ತೈತಿ. ಹದಿನೆಂಟನೇ ಶತಮಾನದ ಗವೋಟ್ ಕುಣಿತದ ನಡಿಗಿ ಐತಿ ಅದರಾಗ, ಆ ಕಾಲದ ಫ್ರೆಂಚ್ ಸಂಯೋಜಕ ರಾಮೋ ಅವರ ಕೃತಿಗಳನ್ನ ಸಂಪಾದನೆ ಮಾಡಿದ ಕೈ ಅಲ್ರಿ ಇದು! ಕೆಳಗಿನ ದನಿಯಿಂದ ಒಮ್ಮೆಲೆ ಮ್ಯಾಲಕ್ಕ ಜಿಗಿಯೂದು ಮೊಜಾರ್ಟರ 1791ರ ಕ್ಲಾರಿನೆಟ್ ಕಾನ್ಸರ್ಟೊ (ವಾದ್ಯವೃಂದದ ಜೋಡಿ ನುಡಿಸೂ ಕೃತಿ) ನೆನಪು ಮಾಡ್ತೈತಿ. ಜರ್ಮನ್ ಸಂಯೋಜಕ ಬ್ರಾಮ್ಸ್ 1894ರಾಗ ಕ್ಲಾರಿನೆಟ್ಟಿಗೆ ಬರದ ಎರಡು ಸೊನಾಟಾದಾಗ ಪಿಯಾನೊ ದಟ್ಟ ಇರ್ತೈತಿ, ಇಲ್ಲಿ ಪಿಯಾನೊ ಭಾಳ ತೆಳ್ಳಗ, ಕ್ಲಾರಿನೆಟ್ಟಿಗೆ ಉಸಿರಾಡಾಕ ಜಾಗಾ ಬಿಡ್ತೈತಿ.

ಆದ್ರ ಬುಕ್ ತಗೋಬೇಕಂದ್ರ ಮೂರನೇ ಭಾಗಕ್ಕ ತಗೋರಿ. ಲೆಂಟೊ ಅಂದ್ರ ವಿಲಂಬಿತ. ಕ್ಲಾರಿನೆಟ್ಟಿನ ತಳದ ದನಿಯೊಳಗ, ಜೋರಾಗಿ, ಒಂದೊಂದು ಸ್ವರ ಎಳದು ಎಳದು ಬರ್ತೈತಿ, ಪಿಯಾನೊ ಸುಮ್ನ ಹಿಂದ ನಡೀತೈತಿ, ಆಮ್ಯಾಲ ಅದ ಧಾಟಿ ಎರಡು ಸಪ್ತಕ ಮ್ಯಾಲಕ್ಕ ಹೋಗಿ ಪಿಸುಮಾತಿನಂಗ ತಿರುಗಿ ಬರ್ತೈತಿ. ರಾತ್ರಿ ಪ್ರಾಕ್ಟೀಸ್ ಮಾಡುವಾಗ ಅವ್ವ ಅಡಗಿಮನಿಯಿಂದ ಬಂದು ಹೊಸ್ತಿಲ ಮ್ಯಾಲ ಕುಂತ್ಲು, ಮುಗಿಯೂತನಕ ಏಳಲಿಲ್ಲ.

ಪ್ರಿಂಟ್ ಕೆಟ್ಟಿದ್ದು ಸರಿಯಾಗಿ ಇಲ್ಲೇ. ತಳದ ಸ್ವರಗಳಿಗೆ, ನೊಟೇಶನ್ ಬರಿಯೂ ಐದು ಗೆರಿ ಕೆಳಗ ಸಣ್ಣ ಗೆರಿ ಹಾಕಿರ್ತಾರ, ಎರಡು ಗೆರಿ ಅಂದ್ರ ಒಂದು ಸ್ವರ, ಮೂರು ಅಂದ್ರ ಇನ್ನೊಂದು, ಈ ಬುಕ್ಕಿನ್ಯಾಗ ಶಾಯಿ ಹರಡಿ ಎರಡೋ ಮೂರೋ ತಿಳಿಯಂಗಿಲ್ಲ. ರೆಕಾರ್ಡಿಂಗ್ ಕೇಳಿ ಕೇಳಿ ಪೆನ್ಸಿಲ್ಲಿಲೆ ತಿದ್ದೀನಿ. ಮಾರಿದವರಿಗೆ ಫೋಟೋ ಕಳಿಸಿದ್ರ ಉತ್ತರನ ಇಲ್ಲ.

ಕಡೀ ಭಾಗ ಓಡಿ ಓಡಿ, ಕೊನಿಗೆ ಮೊದಲನೇ ಭಾಗದ ಧಾಟಿ ಮೆಲ್ಲಕ ಮನಿಗೆ ಬಂದಂಗ ವಾಪಸ್ ಬರ್ತೈತಿ, ಸರಿಯಾಗಿ ಆ ಹೊತ್ತಿಗೆ ಹಾಳಿ ತಿರುವಬೇಕು, ಎರಡೂ ಕೈ ವಾದ್ಯದ ಮ್ಯಾಲ ಇರ್ತಾವು. ಅದೊಂದು ಹಾಳಿ ಝೆರಾಕ್ಸ್ ಮಾಡಿಸಿ ಬಾಜೂಕ ಅಂಟಿಸೀನಿ, ನೀವೂ ತಗೊಂಡ್ರ ಮೊದಲ ಅದನ್ನ ಮಾಡ್ರಿ.