ಬೆಳಗಾವಿಯ ಹೆದ್ದಾರಿಗೂ ಮಢೆ ಘಾಟದ ಕೆಸರಿಗೂ ಒಂದೇ ಬೈಕು: ನಾಲ್ಕು ಗಾಡಿಗಳ ಹೋಲಿಕೆ

ಪುಣೆಯಲ್ಲಿ ನೆಲೆಸಿರುವ ನಮ್ಮಂಥ ಕನ್ನಡಿಗರಿಗೆ ಬೈಕು ಎರಡು ಬಗೆಯ ಕೆಲಸಕ್ಕೆ ಒದಗಬೇಕಾಗುತ್ತದೆ. ಮೊದಲನೆಯದು ಊರಿನ ದಾರಿ: ಕಾತ್ರಜ್ ಸುರಂಗ ದಾಟಿ, ಖಂಬಾಟಕಿ ಘಾಟ ಹತ್ತಿ, ಸಾತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿಗಳ ಮೇಲೆ ಬೆಳಗಾವಿ ಮುಟ್ಟುವ ರಾಷ್ಟ್ರೀಯ ಹೆದ್ದಾರಿ 48ರ ಸುಮಾರು 340 ಕಿಲೋಮೀಟರ್. ಎರಡನೆಯದು ರವಿವಾರದ ದಾರಿ: ಭೋರ್, ವೇಲ್ಹೆ, ಮಢೆ ಘಾಟಗಳ ಕಡೆಗೆ ಡಾಂಬರು ಮುಗಿದ ಮೇಲೆ ಶುರುವಾಗುವ ಗರಸು ಮಣ್ಣು, ಸಡಿಲ ಜಲ್ಲಿ, ಮಳೆಗಾಲವಾದರೆ ಟೈರಿಗೆ ಮೆತ್ತಿಕೊಳ್ಳುವ ಕಪ್ಪು ಕೆಸರು. ಎರಡಕ್ಕೂ ಒಂದೊಂದು ಗಾಡಿ ಇಡಲು ಸೊಸೈಟಿಯಲ್ಲಿ ಪಾರ್ಕಿಂಗ್ ಜಾಗವೂ ಇಲ್ಲ, ಕಿಸೆಯಲ್ಲಿ ಅಷ್ಟು ದುಡ್ಡೂ ಇಲ್ಲ. ಹೀಗಾಗಿ ಒಂದೇ ಗಾಡಿ ಆರಿಸಬೇಕೆಂದು ನಿರ್ಧರಿಸಿ, ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450, ಕೆಟಿಎಂ 390 ಅಡ್ವೆಂಚರ್, ಹೀರೋ ಎಕ್ಸ್‌ಪಲ್ಸ್ 210 ಮತ್ತು ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್ ಈ ನಾಲ್ಕನ್ನೂ ಇವೇ ದಾರಿಗಳಲ್ಲಿ ಓಡಿಸಿ ನೋಡಿದೆ.

ಶೋರೂಮಿನ ಟೆಸ್ಟ್ ರೈಡ್ ಸಾಮಾನ್ಯವಾಗಿ ಸರ್ವೀಸ್ ರಸ್ತೆಯ ಒಂದು ಸುತ್ತಿನಲ್ಲಿ ಮುಗಿದುಹೋಗುವುದರಿಂದ, ಇಂಥ ಗಾಡಿಯ ಬಗ್ಗೆ ಅದರಿಂದ ತಿಳಿಯುವುದು ಸೀಟಿನ ಎತ್ತರ ಮತ್ತು ಸೇಲ್ಸ್‌ಮನ್‌ನ ಉತ್ಸಾಹ ಇವೆರಡೇ. ಆದ್ದರಿಂದ ಗೆಳೆಯರ ಮತ್ತು ಸಹೋದ್ಯೋಗಿಗಳ ಗಾಡಿಗಳನ್ನು ಕೇಳಿ ಪಡೆದೆ, ಸಿಗದಿದ್ದುದನ್ನು ಬಾಡಿಗೆಗೆ ತಂದೆ. ನಾಲ್ಕರಲ್ಲೂ ಕಂಪನಿ ಹಾಕಿಕೊಟ್ಟ ಟೈರುಗಳೇ ಇದ್ದವು. ಕೆಸರಿನಲ್ಲಿ ಟೈರಿನ ಪಾತ್ರ ಬಹಳ ದೊಡ್ಡದಾದ್ದರಿಂದ ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನದನ್ನು ಓದಬೇಕು.

ಕಾಗದದ ಮೇಲಿನ ಅಂತರವನ್ನು ಮೊದಲು ಹೇಳಿಬಿಡುತ್ತೇನೆ. 2023ರ ನವೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಹಿಮಾಲಯನ್ 450ರದ್ದು 452 ಸಿಸಿಯ ಒಂಟಿ ಸಿಲಿಂಡರ್ ಇಂಜಿನ್. 40 ಪಿಎಸ್ (ಅಶ್ವಶಕ್ತಿ) ಶಕ್ತಿ, 40 ನ್ಯೂಟನ್ ಮೀಟರ್ ಟಾರ್ಕ್ (ಇಂಜಿನ್ನಿನ ಎಳೆತದ ಬಲ), 196 ಕಿಲೋ ತೂಕ. ನಮ್ಮ ಪಕ್ಕದ ಚಾಕಣದಲ್ಲೇ ತಯಾರಾಗುವ ಕೆಟಿಎಂ 390 ಅಡ್ವೆಂಚರಿನ 2025ರ ಹೊಸ ಮಾದರಿ ಸುಮಾರು 399 ಸಿಸಿಯಿಂದ 46 ಪಿಎಸ್ ತೆಗೆಯುತ್ತದೆ. ತೂಕ 183 ಕಿಲೋದ ಆಸುಪಾಸು. ಎಕ್ಸ್‌ಪಲ್ಸ್ 210ರ ಶಕ್ತಿ 24.6 ಪಿಎಸ್, ತೂಕ ಸುಮಾರು 170 ಕಿಲೋ. ವಿ-ಸ್ಟ್ರಾಮ್ ಎಸ್‌ಎಕ್ಸ್ 249 ಸಿಸಿ, 26.5 ಪಿಎಸ್, 167 ಕಿಲೋ. ಈ ಅಂಕಿಗಳನ್ನು ಓದಿದವರು ಶಕ್ತಿಯ ಕಾಲಮ್ಮಿನ ಮೇಲೆ ಕಣ್ಣಿಡುತ್ತಾರೆ. ಮಣ್ಣಿನ ದಾರಿಯಲ್ಲಿ ಲೆಕ್ಕಕ್ಕೆ ಬರುವುದು ತೂಕದ ಕಾಲಮ್ಮು, ಮತ್ತು ಯಾವ ಕಾಲಮ್ಮಿನಲ್ಲೂ ಕಾಣದ ಇನ್ನೊಂದು ಗುಣ: ನಡಿಗೆಯ ವೇಗದಲ್ಲಿ ಇಂಜಿನ್ ಹೇಗೆ ನಡೆದುಕೊಳ್ಳುತ್ತದೆ ಎಂಬುದು.

ಭಾಟಘರ ಹಿನ್ನೀರಿನ ಅಂಚಿಗೆ ಇಳಿಯುವ ದಾರಿಯೊಂದರಲ್ಲಿ ಈ ಗುಣ ಸ್ಪಷ್ಟವಾಗಿ ಕಾಣಿಸಿತು. ಅಲ್ಲಿ ಗಾಡಿಯ ಅಗಲಕ್ಕಿಂತ ಸ್ವಲ್ಪವೇ ಹೆಚ್ಚಿರುವ ಏರೊಂದಿದೆ. ನಡುವೆ ಮಳೆನೀರು ಕೊರೆದ ಕೊರಕಲು, ಅದರ ಎರಡೂ ಬದಿಗೆ ಮೊಣಕಾಲಿಗೂ ಕೆಳಗಿನ ಎತ್ತರದ ಬಂಡೆಯ ಮೆಟ್ಟಿಲುಗಳು. ಮೊದಲ ಗೇರಿನಲ್ಲಿ, ಫುಟ್‌ರೆಸ್ಟಿನ ಮೇಲೆ ಎದ್ದು ನಿಂತುಕೊಂಡೇ ಹತ್ತಬೇಕು. ಮಧ್ಯೆ ಗಾಡಿ ನಿಂತರೆ ಕಾಲೂರಲು ಜಾಗವಿಲ್ಲ. ಹಿಮಾಲಯನ್ ಇಲ್ಲಿ ಕ್ಲಚ್ಚನ್ನು ಹೆಚ್ಚು ಮುಟ್ಟಗೊಡದೆ, ಆಕ್ಸಿಲರೇಟರನ್ನು ಕೂದಲೆಳೆಯಷ್ಟು ತಿರುಗಿಸಿದರೆ ಅಷ್ಟೇ ಮುಂದೆ ಸರಿದು, ಮುಂದಿನ ಚಕ್ರವನ್ನು ಮೆಟ್ಟಿಲಿನ ಮೇಲಿಟ್ಟು, ಹಿಂದಿನದನ್ನು ಎಳೆದುಕೊಂಡಿತು. ಕೆಟಿಎಂ ಅದೇ ಜಾಗದಲ್ಲಿ ಹಾಫ್ ಕ್ಲಚ್ಚಿನ ನಿರಂತರ ಕೆಲಸ ಕೇಳಿತು. ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತುಗಳು ತೀರ ಕೆಳಗಿಳಿದಾಗ ಅದು ಕೆಮ್ಮುತ್ತದೆ, ಸ್ವಲ್ಪ ಹೆಚ್ಚು ತಿರುವಿದರೆ ನೆಗೆಯುತ್ತದೆ. ಇದರಲ್ಲಿ ಕೆಟಿಎಂನ ದೋಷವೇನೂ ಇಲ್ಲ, ಇಂಜಿನ್ನಿನ ಜಾತಿಯೇ ಬೇರೆ. ಅದರ ಸಿಲಿಂಡರಿನ ವ್ಯಾಸ 89 ಮಿ.ಮೀ., ಪಿಸ್ಟನ್ ಚಲಿಸುವ ದೂರ ಕೇವಲ 64 ಮಿ.ಮೀ.; ಇಂಥ ಇಂಜಿನ್ ಮೇಲಿನ ಸುತ್ತುಗಳಲ್ಲಿ ಅರಳಲೆಂದೇ ಹುಟ್ಟಿದ್ದು. ಹಿಮಾಲಯನ್‌ನಲ್ಲಿ ವ್ಯಾಸ 84, ಚಲನೆ 81.5 ಮಿ.ಮೀ.; ಎರಡೂ ಹೆಚ್ಚುಕಡಿಮೆ ಸಮವಾಗಿದ್ದು, ಟಾರ್ಕಿನ ತುದಿ 5500 ಸುತ್ತಿನಲ್ಲೇ ಸಿಗುವುದರಿಂದ ನಿಧಾನದ ಏರಿಗೆ ಅದು ಹೇಳಿ ಮಾಡಿಸಿದಂತಿದೆ.

ಎಕ್ಸ್‌ಪಲ್ಸ್ ಆ ಏರನ್ನು ಬೇರೆಯದೇ ರೀತಿಯಲ್ಲಿ ಹತ್ತಿತು. ಅದರ ಇಂಜಿನ್ನಿನಲ್ಲಿ ಹಿಮಾಲಯನ್‌ನ ಎಳೆತವಿಲ್ಲ, ಟಾರ್ಕು 20.7 ನ್ಯೂಟನ್ ಮೀಟರ್ ಮಾತ್ರ, ಅದೂ 7000 ದಾಟಿದ ಮೇಲೆ ಪೂರ್ತಿ ಸಿಗುವಂಥದ್ದು. ಆದರೆ ಗಾಡಿ ಹಗುರವಾಗಿ, ತೆಳ್ಳಗಿರುವುದರಿಂದ, ದಾರಿ ತಪ್ಪಿದರೂ ಮೊಣಕಾಲಿನ ಒತ್ತಿನಿಂದಲೇ ಸರಿಪಡಿಸಬಹುದು. ಮುಂದೆ 210, ಹಿಂದೆ 205 ಮಿ.ಮೀ.ವರೆಗೆ ಕುಗ್ಗಿ ಏಳುವ ಸಸ್ಪೆನ್ಶನ್, 21 ಮತ್ತು 18 ಇಂಚಿನ ಚಕ್ರಗಳು, ಮಣ್ಣಿಗೆಂದೇ ಕಟ್ಟಿದ ಗಾಡಿ. ಹಿಮಾಲಯನ್ ಮತ್ತು ಅದರ ನಡುವಿನ 26 ಕಿಲೋ ಅಂತರ ಓಡುವಾಗ ಅಷ್ಟಾಗಿ ಗೊತ್ತಾಗುವುದಿಲ್ಲ, ನಿಂತಾಗ ಗೊತ್ತಾಗುತ್ತದೆ. ಬಿದ್ದಾಗ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಚಿಂಚವಾಡದಲ್ಲಿರುವ ನನ್ನ ವಿಜಯಪುರದ ಗೆಳೆಯ, ಈ ವಿಷಯದಲ್ಲಿ ನನಗಿಂತ ಅನುಭವಸ್ಥ, ಒಂದೇ ಪರೀಕ್ಷೆ ಹೇಳಿದ: “ತಗೊಳ್ಳೂಕಿಂತ ಮೊದಲ ಅದನ್ನ ನೆಲಕ್ಕ ಮಲಗಿಸಿ, ಒಬ್ಬನ ಎತ್ತಿ ನೋಡು.” ಬಾಡಿಗೆಯ ಗಾಡಿಯ ಮಾಲೀಕನಿಗೆ ತಿಳಿಯದಂತೆ ಹುಲ್ಲಿನ ಮೇಲೆ ಈ ಪರೀಕ್ಷೆ ನಡೆಸಿದೆ. ಎಕ್ಸ್‌ಪಲ್ಸ್ ಮತ್ತು ವಿ-ಸ್ಟ್ರಾಮ್ ಸುಲಭವಾಗಿ ಎದ್ದವು; ಕೆಟಿಎಂಗೆ ಸೊಂಟ ಬಗ್ಗಿಸಬೇಕಾಯಿತು; ಹಿಮಾಲಯನ್ ಒಣ ಹುಲ್ಲಿನ ಮೇಲೆ ಎದ್ದಿತಾದರೂ, ಜಾರುವ ಕೆಸರಿನಲ್ಲಿ, ಇಳಿಜಾರಿನ ಕೆಳಮುಖಕ್ಕೆ ಬಿದ್ದಿದ್ದರೆ ಒಬ್ಬನಿಂದ ಆಗುವ ಕೆಲಸವಲ್ಲವೆಂದು ಅನಿಸಿತು.

ವಿ-ಸ್ಟ್ರಾಮ್ ಆ ಏರಿನ ಬುಡದಲ್ಲೇ ಸೋಲೊಪ್ಪಿಕೊಂಡಿತು. ಅದರ ಮುಂದಿನ ಸಸ್ಪೆನ್ಶನ್ನಿನ ಚಲನೆ 120 ಮಿ.ಮೀ., ನೆಲದಿಂದ ಅಂತರ 205 ಮಿ.ಮೀ., ಮುಂದಿನ ಚಕ್ರ 19 ಇಂಚಿನ ಅಲಾಯ್. ಚಕ್ರ ದೊಡ್ಡದಾದಷ್ಟೂ ಕಲ್ಲಿಗೆ ಅದು ತಾಗುವ ಕೋನ ಸಣ್ಣದಾಗುತ್ತದೆ, ಹಾಗಾಗಿ ಹತ್ತಿ ಇಳಿಯುವುದು ಸಲೀಸು. 21 ಇಂಚಿನ ಚಕ್ರ ಸುಮ್ಮನೆ ಉರುಳಿಹೋಗುವ ಕಲ್ಲಿಗೆ 19 ಇಂಚಿನದು ಎಡವುತ್ತದೆ. ಇನ್ನೊಂದು ಮುಖ್ಯ ಕೊರತೆಯೆಂದರೆ, ಇದರ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಆಫ್ ಮಾಡಲು ಬರುವುದಿಲ್ಲ. ಸಡಿಲ ಜಲ್ಲಿಯ ಇಳಿಜಾರಿನಲ್ಲಿ ಹಿಂದಿನ ಚಕ್ರ ಸ್ವಲ್ಪ ಲಾಕ್ ಆಗಿ ಮಣ್ಣನ್ನು ತನ್ನ ಮುಂದೆ ಗುಡ್ಡೆ ಹಾಕಿಕೊಂಡಾಗಲೇ ಗಾಡಿ ನಿಲ್ಲುವುದು. ಎಬಿಎಸ್ ಪ್ರತಿ ಸಲವೂ ಬ್ರೇಕ್ ಸಡಿಲಿಸುತ್ತ ಹೋದರೆ, ಲಿವರ್ ಒತ್ತಿ ಹಿಡಿದಿದ್ದರೂ ಗಾಡಿ ಇಳಿಯುತ್ತಲೇ ಇರುತ್ತದೆ. ಉಳಿದ ಮೂರರಲ್ಲೂ ಹಿಂದಿನ ಎಬಿಎಸ್ ಬಂದ್ ಮಾಡುವ ಸೌಲಭ್ಯವಿದೆ, ಮಢೆ ಘಾಟದ ಕಡೆ ಹೋಗುವವರು ಅದನ್ನು ಬಳಸಲು ಕಲಿಯಲೇಬೇಕು. ಹೀಗೆಂದು ವಿ-ಸ್ಟ್ರಾಮನ್ನು ತಳ್ಳಿಹಾಕುವಂತಿಲ್ಲ. ಹೆದ್ದಾರಿಯ ಮಾತು ಬಂದಾಗ ಅದರ ಕಡೆಗೆ ಮತ್ತೆ ಬರುತ್ತೇನೆ.

ಸಸ್ಪೆನ್ಶನ್ನಿನಲ್ಲಿ ನಿರ್ವಿವಾದವಾಗಿ ಮೇಲುಗೈ ಕೆಟಿಎಂದೇ. ಗರಸಿನ ದಾರಿಯಲ್ಲಿ ವೇಗ ಹೆಚ್ಚಿಸಿದಂತೆ ಹಿಮಾಲಯನ್‌ನ ತೂಕ ತಗ್ಗುಗಳಲ್ಲಿ ಕುಗ್ಗಿ ಮೇಲೇಳುವುದು ಕಾಲಿಗೆ ತಿಳಿಯುತ್ತದೆ. ಕೆಟಿಎಂ ಅದೇ ತಗ್ಗನ್ನು ಮುರಿಯದ ಲಯದಲ್ಲಿ ನುಂಗುತ್ತದೆ. ಅದರ ಮುಂದಿನ ಫೋರ್ಕನ್ನು ಸವಾರನ ತೂಕಕ್ಕೂ ದಾರಿಗೂ ತಕ್ಕಂತೆ ಬಿಗಿ ಅಥವಾ ಸಡಿಲ ಮಾಡಿಕೊಳ್ಳಬಹುದು, ಹಿಮಾಲಯನ್‌ನಲ್ಲಿ ಆ ಅವಕಾಶವಿಲ್ಲ. ಹಿಂದಿನ ಚಕ್ರ ಜಾರಿ ತಿರುಗದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್, ಕ್ಲಚ್ ಹಿಡಿಯದೆ ಗೇರ್ ಬದಲಿಸುವ ಕ್ವಿಕ್‌ಶಿಫ್ಟರ್, ಒಂದೇ ವೇಗವನ್ನು ತಾನೇ ಕಾಯುವ ಕ್ರೂಸ್ ಕಂಟ್ರೋಲ್, ತಿರುವಿನಲ್ಲಿ ವಾಲಿದಾಗಲೂ ಕೆಲಸ ಮಾಡುವ ಎಬಿಎಸ್, ಇವೆಲ್ಲವೂ ಕೆಟಿಎಂನ ಪಟ್ಟಿಯಲ್ಲಿವೆ. ಮಳೆ ಬಂದ ತಾಮ್ಹಿಣಿ ಘಾಟದ ತಿರುವುಗಳಲ್ಲಿ, ಡಾಂಬರಿನ ಮೇಲೆ ತೆಳುವಾಗಿ ಪಾಚಿ ಕಟ್ಟಿದ ಕಡೆ, ಈ ಎಬಿಎಸ್ಸಿನ ಬೆಲೆ ಏನೆಂದು ಅರ್ಥವಾಗುತ್ತದೆ.

ಈಗ ಹೆದ್ದಾರಿ. ನಾಲ್ಕು ಪಥದ ಹೆದ್ದಾರಿಯಲ್ಲಿ ಬೈಕಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ ವೇಗಮಿತಿ ಗಂಟೆಗೆ 80 ಕಿ.ಮೀ. ಎಂಬುದನ್ನು 40 ಪಿಎಸ್ಸಿನ ಗಾಡಿ ಕೊಳ್ಳುವ ಬಹುತೇಕರು ಮರೆತಿರುತ್ತಾರೆ. ಆ ಮಿತಿಯಲ್ಲಿ ನಾಲ್ಕೂ ಗಾಡಿಗಳು ನೆಮ್ಮದಿಯಿಂದ ಓಡುತ್ತವೆ. ಹಾಗಾದರೆ ಹೆಚ್ಚಿನ ಶಕ್ತಿಯ ಉಪಯೋಗವೇನು? ಖಂಬಾಟಕಿಯ ಏರಿನಲ್ಲಿ ಸಕ್ಕರೆ ಕಾರ್ಖಾನೆಯ ಲಾರಿಗಳ ಸಾಲನ್ನು ದಾಟುವಾಗ, ಹಿಂದೆ ಹೆಂಡತಿ, ಎರಡೂ ಬದಿಗೆ ಚೀಲಗಳು ಇರುವಾಗ, ಗೇರ್ ಇಳಿಸದೆ ಮುಂದೆ ಹೋಗಲು ಆ ಶಕ್ತಿ ಬೇಕು. ಈ ಕೆಲಸವನ್ನು ಹಿಮಾಲಯನ್ ಮತ್ತು ಕೆಟಿಎಂ ಸದ್ದಿಲ್ಲದೆ ಮಾಡುತ್ತವೆ. ಎಕ್ಸ್‌ಪಲ್ಸ್ ಒಬ್ಬನೇ ಇದ್ದರೆ ಹೇಗೋ ಸಾಗುತ್ತದೆ. ಇಬ್ಬರನ್ನು ಹೊತ್ತರೆ ಪ್ರತಿ ಏರಿಗೂ ಎರಡು ಗೇರ್ ಕೆಳಗಿಳಿಯಬೇಕು, ಇಂಜಿನ್ನಿನ ಸದ್ದು ಸವಾರನನ್ನು ದಣಿಸುತ್ತದೆ, ತೆಳ್ಳನೆಯ ಸೀಟು ಹಿಂಬದಿಯವರನ್ನು ದಣಿಸುತ್ತದೆ. ವಿ-ಸ್ಟ್ರಾಮ್ ಇಲ್ಲಿ ಅಚ್ಚರಿ ತಂದಿತು: ಅಗಲವಾದ ಸೀಟು, ಎದೆಗೆ ಗಾಳಿ ಬಡಿಯದಂತೆ ತಡೆಯುವ ಗಾಜು, ಕೊಲ್ಹಾಪುರದವರೆಗೂ ಹಿಂಬದಿಯಿಂದ ದೂರು ಬಾರದ ಸವಾರಿ. ಸಾತಾರಾದಿಂದ ಕಾಗಲದವರೆಗೆ ರಸ್ತೆ ಅಗಲೀಕರಣ ನಡೆಯುತ್ತಿದ್ದ ಜಾಗಗಳಲ್ಲಿ, ಜಲ್ಲಿ ಹರಡಿದ ಡೈವರ್ಶನ್ನುಗಳನ್ನು ಕೂಡ ಅದು ತಕರಾರಿಲ್ಲದೆ ದಾಟಿತು.

ಪೆಟ್ರೋಲ್ ಟ್ಯಾಂಕು ಸಣ್ಣ ವಿಷಯವೆನಿಸಿದರೂ ಈ ದಾರಿಗೆ ಸಣ್ಣದಲ್ಲ. ಹಿಮಾಲಯನ್‌ನದು 17 ಲೀಟರ್. ಪುಣೆಯಲ್ಲಿ ತುಂಬಿಸಿದರೆ ಬೆಳಗಾವಿಯವರೆಗೆ ಮತ್ತೆ ಬಂಕಿನ ಕಡೆ ನೋಡಬೇಕಾಗಿಲ್ಲ. ಕೆಟಿಎಂನದು 14.5, ಎಕ್ಸ್‌ಪಲ್ಸಿನದು 13, ವಿ-ಸ್ಟ್ರಾಮಿನದು 12 ಲೀಟರ್. ಕೊನೆಯ ಎರಡೂ ಕಡಿಮೆ ಕುಡಿಯುವುದರಿಂದ ಲೆಕ್ಕ ಸರಿದೂಗುತ್ತದೆ.

ಊರೊಳಗಿನ ಓಡಾಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಂಜೆಯ ಹಿಂಜವಡಿ ಟ್ರಾಫಿಕ್ಕಿನಲ್ಲಿ ಹಿಮಾಲಯನ್ ಮತ್ತು ಕೆಟಿಎಂ ಎರಡರ ಫ್ಯಾನೂ ಓಡತೊಡಗಿ ಕಾಲಿಗೆ ಬಿಸಿ ಗಾಳಿ ಬಡಿಯುತ್ತದೆ. ಸೀಟು ನಾಲ್ಕರದ್ದೂ 825ರಿಂದ 835 ಮಿ.ಮೀ. ಒಳಗೇ ಇದ್ದರೂ, ಎಕ್ಸ್‌ಪಲ್ಸ್ ತೆಳ್ಳಗಿರುವುದರಿಂದ ಅದರಲ್ಲಿ ಕಾಲು ಬೇಗ ನೆಲ ಮುಟ್ಟುತ್ತದೆ. ಎತ್ತರ ಕಡಿಮೆಯಿರುವವರು ಅಂಕಿ ನೋಡಿ ಹೆದರದೆ ಒಮ್ಮೆ ಕುಳಿತು ನೋಡಬೇಕು.

ಬೆಲೆಯ ವಿಷಯದಲ್ಲಿ 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ಬದಲಾವಣೆ ಈ ನಾಲ್ಕನ್ನು ಎರಡು ಪಂಗಡವಾಗಿ ಒಡೆದಿದೆ. 350 ಸಿಸಿವರೆಗಿನ ಬೈಕುಗಳ ಮೇಲಿನ ತೆರಿಗೆ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಅದಕ್ಕೂ ಮೇಲಿನವುಗಳಿಗೆ ಮೊದಲು ಸೆಸ್ ಸೇರಿ 31 ಇದ್ದದ್ದು 40ಕ್ಕೆ ಏರಿತು. ಎಕ್ಸ್‌ಪಲ್ಸ್ ಮತ್ತು ವಿ-ಸ್ಟ್ರಾಮ್ ಮೊದಲ ಪಂಗಡದಲ್ಲಿ, ಹಿಮಾಲಯನ್ ಮತ್ತು ಕೆಟಿಎಂ ಎರಡನೆಯದರಲ್ಲಿ. ತೆರಿಗೆಯಲ್ಲೇ ಇಷ್ಟು ದೊಡ್ಡ ಬಿರುಕಿರುವಾಗ, ಶಕ್ತಿ ಹೆಚ್ಚಿದೆ ಎಂಬ ಒಂದೇ ಕಾರಣಕ್ಕೆ ದೊಡ್ಡ ಗಾಡಿಗೆ ಹೋಗುವುದು ಜಾಣತನವಲ್ಲ.

ನನ್ನ ಆಯ್ಕೆ ಹಿಮಾಲಯನ್. ಇಬ್ಬರು ಕುಳಿತು ಊರಿಗೆ ಹೋಗುವುದು ನಮ್ಮ ಮನೆಯಲ್ಲಿ ತಪ್ಪದ ರೂಢಿ, ಮತ್ತು ಮಣ್ಣಿನ ದಾರಿಗೆ ನಾನು ಒಬ್ಬನೇ ಹೋಗುವವನಲ್ಲ. ಬಿದ್ದರೆ ಎತ್ತಲು ಇನ್ನಿಬ್ಬರು ಜೊತೆಗಿರುತ್ತಾರೆ. ಒಬ್ಬರೇ ಘಾಟಕ್ಕೆ ಹೋಗುವ ಅಭ್ಯಾಸವಿರುವವರಿಗೆ, ಊರಿಗೆ ಹೋಗಲು ಬಸ್ಸು ರೈಲು ಸಾಕೆನ್ನುವವರಿಗೆ, ಎಕ್ಸ್‌ಪಲ್ಸ್ ಬಿಟ್ಟು ಬೇರೆ ಹೇಳಲಾರೆ. ಗರಸಿನ ಮೇಲೂ ವೇಗ ಬೇಡುವವರಿಗೆ, ಕ್ಲಚ್ಚಿನ ಕೆಲಸದಲ್ಲಿ ಕೈ ಪಳಗಿದವರಿಗೆ ಕೆಟಿಎಂ. ಇನ್ನು, ಅಡ್ವೆಂಚರ್ ಬೈಕ್ ಬೇಕೆಂದು ಹೊರಡುವವರಲ್ಲಿ ಹೆಚ್ಚಿನವರು ಪಾನಶೇತ್ ಅಣೆಕಟ್ಟಿನವರೆಗಿನ ರಸ್ತೆ ಮತ್ತು ಕೆಟ್ಟ ಡೈವರ್ಶನ್ನು ಬಿಟ್ಟರೆ ಬೇರೆ ಮಣ್ಣು ಕಾಣುವುದಿಲ್ಲ ಎಂಬುದು ನನ್ನ ಅಂದಾಜು. ಪ್ರಾಮಾಣಿಕವಾಗಿ ಯೋಚಿಸಿದರೆ ಅವರ ಗಾಡಿ ವಿ-ಸ್ಟ್ರಾಮ್.

ಟೈರಿನ ಬಗ್ಗೆ ಒಂದು ಮಾತು ಉಳಿದಿದೆ. ವಿ-ಸ್ಟ್ರಾಮಿನ ಅಲಾಯ್ ಚಕ್ರಗಳಿಗೆ ಟ್ಯೂಬ್‌ಲೆಸ್ ಟೈರ್ ಇರುವುದರಿಂದ ಪಂಚರಾದರೆ ರಸ್ತೆಬದಿಯಲ್ಲೇ ಪ್ಲಗ್ ತುರುಕಿ ಗಾಳಿ ತುಂಬಿಸಿ ಹೊರಡಬಹುದು. ಎಕ್ಸ್‌ಪಲ್ಸಿನ ಸ್ಪೋಕ್ ಚಕ್ರದಲ್ಲಿ ಟ್ಯೂಬು ಇದೆ. ವೇಲ್ಹೆಯಿಂದ ಮುಂದೆ ಪಂಚರಾದರೆ ಚಕ್ರ ಬಿಚ್ಚುವ ಸಾಮಾನು, ಹೆಚ್ಚುವರಿ ಟ್ಯೂಬು ಜೊತೆಗಿರಬೇಕು, ಬಿಚ್ಚಲು ಬರಲೂಬೇಕು. ಹಿಮಾಲಯನ್ ಮೊದಲು ಟ್ಯೂಬಿನ ಚಕ್ರಗಳೊಂದಿಗೇ ಬರುತ್ತಿತ್ತು. ಈಗ ಹೆಚ್ಚು ಹಣ ಕೊಟ್ಟರೆ ಟ್ಯೂಬ್‌ಲೆಸ್ ಸ್ಪೋಕ್ ಚಕ್ರಗಳು ಸಿಗುತ್ತವೆ. ಬುಕ್ ಮಾಡುವಾಗಲೇ ಅವುಗಳಿರುವ ಮಾದರಿಯನ್ನು ಕೇಳಿ ಬರೆಸುವುದು ಒಳ್ಳೆಯದು, ಆಮೇಲೆ ಬದಲಾಯಿಸಲು ಹೋದರೆ ಖರ್ಚು ಇನ್ನೂ ಹೆಚ್ಚುತ್ತದೆ.